ಒಳಗೆ ಬಿದ್ದದ್ದರ ಲೆಕ್ಕ

ಕಪ್ಪುಕುಳಿಯೊಳಕ್ಕೆ ಬಿದ್ದ ವಸ್ತು ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಹೇಳುವವರಿಗೆ ಕೊರತೆಯಿಲ್ಲ. ಮತ್ತೊಂದು ವಿಶ್ವಕ್ಕೆ ಹೋಗಿ ಬೀಳುತ್ತದೆ ಎನ್ನುವವರಿದ್ದಾರೆ, ಏನೂ ಉಳಿಯದಂತೆ ಇಲ್ಲವಾಗುತ್ತದೆ ಎನ್ನುವವರಿದ್ದಾರೆ, ಇದೆಲ್ಲ ನಮ್ಮ ಹಿಂದಿನವರಿಗೆ ಮೊದಲೇ ಗೊತ್ತಿತ್ತು ಎನ್ನುವವರೂ ಇದ್ದಾರೆ. ಇವರಲ್ಲಿ ಯಾರನ್ನೂ ಸುಳ್ಳುಗಾರರೆಂದು ಹಿಡಿಯಲು ಬರುವುದಿಲ್ಲ. ಒಳಗೆ ಹೋದವರು ತಿರುಗಿ ಬಂದು ಸಾಕ್ಷಿ ಹೇಳುವ ಜಾಗ ಅದಲ್ಲ. ನನ್ನನ್ನು ಕಾಡುವುದು ಈ ಅನುಕೂಲವೇ. ತಪ್ಪೆಂದು ಯಾರೂ ತೋರಿಸಲಾರದ ಕಡೆ ನಿಂತು ಮಾತಾಡುವವನಿಗೆ ಏನಾದರೂ ಹೊಣೆ ಇದೆಯೇ?

ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಇದೆ. ಒಮ್ಮೆ ಇದ್ದದ್ದು ಪೂರ್ತಿಯಾಗಿ ಅಳಿಸಿಹೋಗಲು ಸಾಧ್ಯವೇ? ಇದನ್ನು ಭೌತಶಾಸ್ತ್ರಜ್ಞರು ಸಮೀಕರಣಗಳಲ್ಲಿ ಕೇಳುತ್ತಾರೆ. ತೀರಿಹೋದವರ ಕೋಣೆಯನ್ನು ಖಾಲಿ ಮಾಡಿದ ಯಾರೇ ಆದರೂ ಇದನ್ನು ಬೇರೆ ಮಾತಿನಲ್ಲಿ ಕೇಳಿಕೊಂಡಿರುತ್ತಾರೆ. ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದಕ್ಕೆ ಸಾಲ ಕೊಡಬಹುದೇ ಎನ್ನುವುದೇ ಇಲ್ಲಿ ನನ್ನ ಚಿಂತೆ.

ಮೊದಲು ಗೊತ್ತಿರುವುದನ್ನು ನೋಡೋಣ. ಸೂರ್ಯನ ಅಷ್ಟೂ ದ್ರವ್ಯವನ್ನು ಸುಮಾರು 3 ಕಿಲೋಮೀಟರ್ ತ್ರಿಜ್ಯದ ಗೋಳದೊಳಗೆ ತುರುಕಿದರೆ ಅದು ಕಪ್ಪುಕುಳಿಯಾಗುತ್ತದೆ. ಭೂಮಿಯಾದರೆ 9 ಮಿಲಿಮೀಟರ್ ಸಾಕು, ಒಂದು ಗೋಲಿಯಷ್ಟು. ನಮ್ಮ ಗ್ಯಾಲಕ್ಸಿಯ ನಡುವೆ, ಸುಮಾರು 26 ಸಾವಿರ ಜ್ಯೋತಿರ್ವರ್ಷಗಳ ದೂರದಲ್ಲಿ, ಸೂರ್ಯನ 40 ಲಕ್ಷ ಪಟ್ಟು ದ್ರವ್ಯರಾಶಿಯ ಕಪ್ಪುಕುಳಿ ಇದೆ. 2019ರಲ್ಲಿ ಜಗತ್ತು ನೋಡಿದ ಮೊದಲ ಚಿತ್ರ ಇನ್ನೂ ದೊಡ್ಡದರದು. ಎಂ87 ಗ್ಯಾಲಕ್ಸಿಯ ಆ ಕುಳಿ ಸೂರ್ಯನ ಸುಮಾರು 650 ಕೋಟಿ ಪಟ್ಟು. ಚಿತ್ರದಲ್ಲಿ ಕಂಡದ್ದು ಸುತ್ತಲಿನ ಬೆಳಕಿನ ಬಳೆ ಮತ್ತು ನಡುವಿನ ನೆರಳು. ಒಳಗಿನದೇನೂ ಅದರಲ್ಲಿಲ್ಲ, ಇರಲು ಸಾಧ್ಯವೂ ಇಲ್ಲ.

ಕುಳಿಗೆ ನೆಲದಂಥ ಮೇಲ್ಮೈ ಇಲ್ಲ. ಇರುವುದು ಒಂದು ಗಡಿ, ಘಟನಾ ದಿಗಂತ. ಅದನ್ನು ದಾಟಿದ ಬೆಳಕೂ ಹಿಂದಿರುಗದು. ಗಡಿಯ ಹೊರಗಿನ ಸಂಗತಿಗಳನ್ನು ಮಾತ್ರ ನಾವು ಕೇಳಬಹುದು, ಕೇಳಿಯೂ ಇದ್ದೇವೆ. ಬೆಂಗಳೂರಿನವರಾದ ಸಿ. ವಿ. ವಿಶ್ವೇಶ್ವರ 1970ರಲ್ಲಿ ಕಾಗದದ ಮೇಲೆ ಒಂದು ಲೆಕ್ಕ ಮಾಡಿದರು. ಕಪ್ಪುಕುಳಿಯನ್ನು ಅಲೆಯೊಂದರಿಂದ ತಟ್ಟಿದರೆ ಅದು ಗಂಟೆಯ ಹಾಗೆ ಅನುರಣಿಸಿ ಬೇಗನೆ ಅಡಗುತ್ತದೆ, ಆ ನಾದದಲ್ಲಿ ಕುಳಿಯ ಗುರುತು ಇರುತ್ತದೆ ಎಂಬುದು ಅದರ ಸಾರ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಉಪಕರಣಗಳು ಎರಡು ಕಪ್ಪುಕುಳಿಗಳು ಒಂದಾದ ಸದ್ದನ್ನು ಹಿಡಿದಾಗ, ಕೊನೆಯಲ್ಲಿದ್ದದ್ದು ಅಂಥದೇ ಅಡಗುವ ನಾದ. 2017ರಲ್ಲಿ ತೀರಿಕೊಂಡ ಅವರು ಅದನ್ನು ತಿಳಿದೇ ಹೋದರು. ಲೆಕ್ಕಕ್ಕೂ ಸಾಕ್ಷಿಗೂ ನಡುವೆ 45 ವರ್ಷ. ಈ ಅಂತರವನ್ನು ನೆನಪಿಟ್ಟುಕೊಂಡರೆ, ಊಹೆ ಎಂದ ಕೂಡಲೇ ಮೂಗು ಮುರಿಯುವುದು ಕಷ್ಟವಾಗುತ್ತದೆ.

ಇನ್ನು ಒಳಗೆ. ಸಾಪೇಕ್ಷತಾ ಸಿದ್ಧಾಂತ ಗಡಿಯ ಬಳಿ ನಿಲ್ಲುವುದಿಲ್ಲ, ಒಳಗೂ ನಡೆದುಕೊಂಡು ಹೋಗುತ್ತದೆ. ತಿರುಗದ ಕಪ್ಪುಕುಳಿಯ ವಿಷಯದಲ್ಲಿ ಅದು ಹೇಳುವ ಮಾತು ವಿಚಿತ್ರವಾಗಿದೆ. ನಾವು ಕೇಂದ್ರ ಎಂದಾಗ ಬಾವಿಯ ತಳವನ್ನು ಕಲ್ಪಿಸಿಕೊಳ್ಳುತ್ತೇವೆ. ಆದರೆ ದಿಗಂತ ದಾಟಿದ ಮೇಲೆ ಒಳಮುಖದ ದಾರಿಯೇ ಕಾಲದ ದಾರಿಯಾಗಿಬಿಡುತ್ತದೆ. ಕೇಂದ್ರ ಮುಂದೆಲ್ಲೋ ಇರುವ ಜಾಗವಲ್ಲ, ಮುಂದೆ ಬರುವ ಹೊತ್ತು. ನಾಳೆಯನ್ನು ಬಳಸಿಕೊಂಡು ಪಕ್ಕದ ದಾರಿಯಲ್ಲಿ ಹೋಗಲು ನಮಗೆ ಹೇಗೆ ಆಗುವುದಿಲ್ಲವೋ ಹಾಗೆ ಒಳಗಿದ್ದವನಿಗೆ ಅದನ್ನು ತಪ್ಪಿಸಲಾಗದು. ಎಂಥ ಎಂಜಿನ್ ಇದ್ದರೂ ಅವನಿಗೆ ದೊರೆಯುವ ಹೆಚ್ಚೆಂದರೆ ಹೆಚ್ಚು ಸಮಯಕ್ಕೆ ಲೆಕ್ಕವಿದೆ. ಸೂರ್ಯನಷ್ಟು ಭಾರದ ಕುಳಿಯಲ್ಲಿ ಸೆಕೆಂಡಿನ ಲಕ್ಷದಲ್ಲಿ ಒಂದೂವರೆ ಪಾಲು, ನಮ್ಮ ಗ್ಯಾಲಕ್ಸಿಯ ಕುಳಿಯಲ್ಲಿ ಒಂದು ನಿಮಿಷದ ಆಸುಪಾಸು, ಎಂ87ರಲ್ಲಿ ಸುಮಾರು 28 ಗಂಟೆ. ಅಷ್ಟು ದೊಡ್ಡ ಕುಳಿಯ ಗಡಿ ದಾಟುವಾಗ ಮೈಗೆ ಏನೂ ತಿಳಿಯದು. ಊಟ, ನಿದ್ದೆ, ಹರಟೆ ಎಲ್ಲಕ್ಕೂ ಅಲ್ಲಿ ಹೊತ್ತುಂಟು.

ಕೊನೆಯಲ್ಲಿ ದ್ರವ್ಯ ಉದ್ದಕ್ಕೆ ಎಳೆಯಲ್ಪಡುತ್ತದೆ, ಅಡ್ಡಕ್ಕೆ ಹಿಂಡಲ್ಪಡುತ್ತದೆ. ಮೊದಲು ದೇಹ, ಆಮೇಲೆ ಅಣು, ಪರಮಾಣು, ಅದರ ಬೀಜ. ಅಲ್ಲಿಂದ ಮುಂದೆ? 1965ರಲ್ಲಿ ರೋಜರ್ ಪೆನ್ರೋಸ್, ಕೋಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧುರಿ ಹತ್ತು ವರ್ಷ ಮೊದಲು ಕೊಟ್ಟಿದ್ದ ಸಮೀಕರಣದ ಬಲದಿಂದ, ಇಂಥ ಕುಸಿತದೊಳಗೆ ಸಿಂಗ್ಯುಲಾರಿಟಿ ತಪ್ಪದು ಎಂದು ಸಾಧಿಸಿದರು. ಸಿಂಗ್ಯುಲಾರಿಟಿ ಎಂದರೆ ಅನಂತ ಸಾಂದ್ರತೆಯ ಚುಕ್ಕಿ ಎಂದು ಪಠ್ಯಗಳು ಬರೆಯುತ್ತವೆ. ಅದು ಒಂದು ವಸ್ತುವಿನ ಹೆಸರು ಎಂದು ನನಗನ್ನಿಸುವುದಿಲ್ಲ. ಸಿದ್ಧಾಂತ ತಾನಾಗಿಯೇ ‘ಇಲ್ಲಿಂದ ಮುಂದೆ ನನ್ನ ಮಾತು ನಡೆಯದು’ ಎಂದು ಕೈಯೆತ್ತುವ ಗೆರೆ ಅದು. ಇಷ್ಟು ಪ್ರಾಮಾಣಿಕವಾಗಿ ತನ್ನ ಗಡಿಯನ್ನು ತಾನೇ ತೋರಿಸುವ ಮಾತು ನಮ್ಮ ಸಾರ್ವಜನಿಕ ಬದುಕಿನಲ್ಲಿ ಅಪರೂಪ.

ಆ ಗೆರೆಯ ಆಚೆಗೆ ಊಹೆಗಳು ಶುರುವಾಗುತ್ತವೆ. ದ್ರವ್ಯ ಒಂದು ಮಿತಿಯವರೆಗೆ ಹಿಂಡಲ್ಪಟ್ಟು ಮತ್ತೆ ಪುಟಿದು, ಬಹಳ ಕಾಲದ ಮೇಲೆ ಬಿಳಿಕುಳಿಯಾಗಿ ಹೊರಚಿಮ್ಮುತ್ತದೆ ಎಂದು ಕಾರ್ಲೊ ರೊವೆಲ್ಲಿಯಂಥವರು ಹೇಳುತ್ತಾರೆ. ಒಳಗು ಎಂಬುದೇ ಇಲ್ಲ, ದ್ರವ್ಯವೆಲ್ಲ ದಿಗಂತದಷ್ಟೇ ದೊಡ್ಡದಾದ ತಂತುಗಳ ಉಂಡೆಯಾಗಿ ಉಳಿಯುತ್ತದೆ ಎಂದು ಸಮೀರ್ ಮಾಥುರ್ ವಾದಿಸುತ್ತಾರೆ. ಇವೆರಡೂ ಒಟ್ಟಿಗೆ ನಿಜವಾಗಲಾರವು. ಎರಡೂ ಸುಳ್ಳಾಗಬಹುದು.

ಹಾಗಾದರೆ ಇವುಗಳಿಗೂ ಮೊದಲು ಹೇಳಿದ ಬಾಯಿಮಾತಿನ ಉತ್ತರಗಳಿಗೂ ಏನು ವ್ಯತ್ಯಾಸ? ನಮ್ಮ ಚಾರ್ವಾಕರು ಕೇಳುತ್ತಿದ್ದದ್ದು ಇದನ್ನೇ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿ ಇದೆ ಎನ್ನುವವನು ಅಡುಗೆಮನೆಯಲ್ಲಿ ಎರಡನ್ನೂ ಜೊತೆಗೆ ಕಂಡಿದ್ದಾನೆ ನಿಜ, ಆದರೆ ಎಲ್ಲ ಕಡೆಯೂ ಹಾಗೇ ಎಂದು ಹೇಳಲು ಅವನಿಗೆ ಏನು ಅಧಿಕಾರ? ಕಪ್ಪುಕುಳಿಯ ಮುಂದೆ ಈ ಆಕ್ಷೇಪಕ್ಕೆ ಇನ್ನೂ ಬಲ ಬರುತ್ತದೆ. ಅದರ ಒಳಗಿನ ಹಾಗಿರುವ ಅಡುಗೆಮನೆ ನಮ್ಮಲ್ಲಿ ಯಾರ ಮನೆಯಲ್ಲೂ ಇಲ್ಲ.

ನನ್ನ ಉತ್ತರ ಇಷ್ಟು. ಒಳ್ಳೆಯ ಊಹೆ ತನ್ನ ಕೈಯನ್ನು ತಾನೇ ಕಟ್ಟಿಕೊಂಡಿರುತ್ತದೆ. ಒಳಗೆ ಹೀಗಾಗುತ್ತದೆ ಎಂದ ಮೇಲೆ ಹೊರಗೆ ಏನೇನು ಆಗಲೇಬೇಕು, ಏನು ಆಗಲೇಕೂಡದು ಎಂಬ ಸಾಲವನ್ನು ಅದು ಹೊರುತ್ತದೆ. ಬಿಳಿಕುಳಿ ನಿಜವಾದರೆ ಎಲ್ಲೋ ಒಂದು ಸ್ಫೋಟ ಕಾಣಬೇಕು, ತಂತುಗಳ ಉಂಡೆ ನಿಜವಾದರೆ ದಿಗಂತವನ್ನು ಕುರಿತ ಹಳೆಯ ಲೆಕ್ಕ ಬದಲಾಗಬೇಕು. ಇಂದು ತೀರಿಸಲಾಗದಿದ್ದರೂ ಸಾಲದ ಪತ್ರ ಬರೆದುಕೊಟ್ಟಿದೆ. ಕೆಟ್ಟ ಊಹೆ ಅಡ್ಡಗೋಡೆಯ ಮೇಲೆ ದೀಪವಿಡುತ್ತದೆ, ಏನಾದರೂ ಅದಕ್ಕೆ ನಷ್ಟವಿಲ್ಲ.

ಊಹಿಸುವವನ ಮನಸ್ಸಿನ ಮಾತೂ ಇದೆ. 1930ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್, ಶ್ವೇತಕುಬ್ಜ ನಕ್ಷತ್ರಕ್ಕೆ ಒಂದು ತೂಕದ ಮಿತಿ ಇದೆ ಎಂದು ಕಂಡುಕೊಂಡರು. ಇಂದಿನ ಲೆಕ್ಕದಲ್ಲಿ ಅದು ಸೂರ್ಯನ ಸುಮಾರು 1.4 ಪಟ್ಟು. ಅದಕ್ಕಿಂತ ಭಾರವಾದ ನಕ್ಷತ್ರ ಶ್ವೇತಕುಬ್ಜವಾಗಿ ನಿಲ್ಲಲಾರದು. 1935ರ ಜನವರಿಯಲ್ಲಿ ಲಂಡನ್ನಿನ ಸಭೆಯಲ್ಲಿ ಆರ್ಥರ್ ಎಡಿಂಗ್ಟನ್ ಇದನ್ನು ತಳ್ಳಿಹಾಕಿದರು. ನಕ್ಷತ್ರ ಕುಸಿಯುತ್ತಲೇ ಹೋಗುವುದು ಅಸಂಬದ್ಧ, ಪ್ರಕೃತಿಯಲ್ಲಿ ಅದನ್ನು ತಡೆಯುವ ನಿಯಮ ಇರಲೇಬೇಕು ಎಂಬುದು ಅವರ ನಿಲುವು. ಅಂಥ ನಿಯಮ ಇರಲಿಲ್ಲ. ಎಡಿಂಗ್ಟನ್‌ಗೆ ಜ್ಞಾನ ಕಡಿಮೆಯಿತ್ತು ಎಂದು ಯಾರೂ ಹೇಳಲಾರರು. ತನಗೆ ಬೇಡವಾದದ್ದು ಜಗತ್ತಿಗೂ ಬೇಡ ಎಂದುಕೊಂಡದ್ದೇ ಅಲ್ಲಿ ಅಡ್ಡ ಬಂತು.

ಈಗ ಎರಡನೆಯ ಪ್ರಶ್ನೆ. ಒಂದು ಪತ್ರವನ್ನು ಒಲೆಗೆ ಹಾಕಿ. ಭೌತಶಾಸ್ತ್ರದ ಪ್ರಕಾರ ಅದರಲ್ಲಿದ್ದ ಯಾವ ವಿವರವೂ ನಾಶವಾಗಿಲ್ಲ. ಹೊಗೆಯ ಪ್ರತಿ ಕಣ, ಬೂದಿಯ ಪ್ರತಿ ಚೂರು, ಹೊರಟ ಪ್ರತಿ ಬೆಳಕಿನ ಕಿರಣವನ್ನೂ ಕರಾರುವಾಕ್ಕಾಗಿ ಹಿಡಿಯಬಲ್ಲವನೊಬ್ಬನಿದ್ದರೆ, ತಾತ್ವಿಕವಾಗಿ, ಅವನು ಆ ಪತ್ರವನ್ನು ಮತ್ತೆ ಓದಬಹುದು. ಕ್ವಾಂಟಮ್ ಸಿದ್ಧಾಂತ ಈ ಲೆಕ್ಕದಲ್ಲಿ ಒಂದು ಪೈಸೆಯನ್ನೂ ಬಿಡುವುದಿಲ್ಲ. ಆದರೆ ಸ್ಟೀಫನ್ ಹಾಕಿಂಗ್ 1974ರಲ್ಲಿ ಕಪ್ಪುಕುಳಿಗೂ ಕಾವಿದೆ, ಅದು ನಿಧಾನವಾಗಿ ಆವಿಯಾಗುತ್ತದೆ ಎಂದು ತೋರಿಸಿದರು. ಸೂರ್ಯನಷ್ಟು ಭಾರದ ಕುಳಿಯಾದರೆ ಇದಕ್ಕೆ 1ರ ಮುಂದೆ 67 ಸೊನ್ನೆಗಳಷ್ಟು ವರ್ಷ ಬೇಕು. ಆ ಆವಿಯಲ್ಲಿ ಒಳಗೆ ಬಿದ್ದದ್ದರ ಗುರುತೇ ಇಲ್ಲ ಎಂದು 1976ರಲ್ಲಿ ವಾದಿಸಿದರು. ಒಳಗೆ ಬಿದ್ದದ್ದು ಪತ್ರವೋ, ಕಲ್ಲೋ, ಒಂದು ಊರೋ, ಕೊನೆಗೆ ಉಳಿಯುವುದು ಒಂದೇ ಬಗೆಯ ಮಂಕು ಕಾವು. ಹಾಗಿದ್ದರೆ ವಿಶ್ವದಲ್ಲಿ ನಿಜವಾದ ಅಳಿಸುವಿಕೆ ಉಂಟು.

1997ರಲ್ಲಿ ಹಾಕಿಂಗ್ ಮತ್ತು ಕಿಪ್ ಥಾರ್ನ್ ಈ ಬಗ್ಗೆ ಜಾನ್ ಪ್ರೆಸ್ಕಿಲ್ ಜೊತೆ ಪಂದ್ಯ ಕಟ್ಟಿದರು. ಗೆದ್ದವನಿಗೆ ಅವನಿಗೆ ಬೇಕಾದ ವಿಶ್ವಕೋಶ. 2004ರಲ್ಲಿ ಡಬ್ಲಿನ್‌ನಲ್ಲಿ ಹಾಕಿಂಗ್ ಸೋಲೊಪ್ಪಿ ಬೇಸ್‌ಬಾಲ್ ವಿಶ್ವಕೋಶವೊಂದನ್ನು ಕೊಟ್ಟರು. ಥಾರ್ನ್ ಆಗ ಒಪ್ಪಲಿಲ್ಲ. 2019ರ ಲೆಕ್ಕಗಳು ಪ್ರೆಸ್ಕಿಲ್ ಪಕ್ಷಕ್ಕೆ ಇನ್ನಷ್ಟು ಬಲ ತಂದಿವೆ. ಮಾಹಿತಿ ಹೊರಗೆ ಬರುತ್ತದೆ ಎನ್ನುವವರು ಇಂದು ಹೆಚ್ಚು, ಯಾವ ದಾರಿಯಲ್ಲಿ ಬರುತ್ತದೆ ಎಂಬುದು ಇತ್ಯರ್ಥವಾಗಿಲ್ಲ.

ಇಲ್ಲಿಗೆ ಬಂದಾಗ ಸಮಾಧಾನದ ಮಾತು ತಾನಾಗಿಯೇ ನಾಲಗೆಗೆ ಬರುತ್ತದೆ. ನೋಡಿ, ಏನೂ ಕಳೆದುಹೋಗುವುದಿಲ್ಲ, ಹೋದವರೂ ಎಲ್ಲೋ ಇದ್ದಾರೆ, ವಿಜ್ಞಾನವೇ ಹೇಳುತ್ತಿದೆ. ಮಗನನ್ನು ಕಳೆದುಕೊಂಡ ತಾಯಿ ಹೀಗಂದುಕೊಂಡರೆ ನಾನು ವಾದಕ್ಕೆ ನಿಲ್ಲುವುದಿಲ್ಲ. ದುಃಖಕ್ಕೆ ತರ್ಕದ ಪರೀಕ್ಷೆ ಇಡುವುದು ಕ್ರೌರ್ಯ. ಆದರೆ ಇದೇ ಮಾತು ಪ್ರಬಂಧವಾಗಿ, ಭಾಷಣವಾಗಿ, ತತ್ವವಾಗಿ ಬಂದಾಗ ಸುಮ್ಮನಿರಲಾಗದು. ಭೌತಶಾಸ್ತ್ರದ ಮಾಹಿತಿ ಯಾರ ನೆನಪೂ ಅಲ್ಲ. ಅದರ ದೃಷ್ಟಿಯಲ್ಲಿ ತಾಯಿಯ ಕೈಬರಹಕ್ಕೂ ಒಂದು ಹಿಡಿ ಮರಳಿನ ಜೋಡಣೆಗೂ ಭೇದವಿಲ್ಲ, ಎರಡನ್ನೂ ಒಂದೇ ನಿರ್ಲಿಪ್ತತೆಯಿಂದ ಕಾಪಾಡುತ್ತದೆ. ಯಾರೂ ಓದಲಾರದ ಹಾಗೆ ಕಾಪಾಡುವುದನ್ನು ಕಾಪಾಡುವುದು ಎನ್ನಬಹುದೇ?

ಇದು ಕೇವಲ ಮಾತಿನ ಜಗಳವಲ್ಲ. ಕಡತ ಸುಡುವವರು, ಹೆಣ ಮರೆಮಾಡುವವರು, ಪಠ್ಯದಿಂದ ಹೆಸರು ತೆಗೆಯುವವರು ಎಲ್ಲ ಕಾಲದಲ್ಲೂ ಇದ್ದಾರೆ. ಅವರ ಧೈರ್ಯಕ್ಕೆ ಕಪ್ಪುಕುಳಿ ಬೇಕಿಲ್ಲ, ಒಂದು ಬೆಂಕಿಪೊಟ್ಟಣ ಸಾಕು. ಹೊಗೆಯಲ್ಲಿ ಎಲ್ಲ ಉಳಿದಿದೆ ಎಂಬ ಸತ್ಯದಿಂದ ಅವರಲ್ಲಿ ಒಬ್ಬನಿಗೂ ನಿದ್ದೆ ಕೆಟ್ಟಿಲ್ಲ. ವಿಶ್ವವೇ ಲೆಕ್ಕ ಇಟ್ಟುಕೊಂಡಿದೆ ಎಂದು ನಾವು ನಂಬಿ ಕೈಕಟ್ಟಿ ಕೂತರೆ ಅನುಕೂಲವಾಗುವುದು ಅವರಿಗೇ. ಹಾಕಿಂಗ್ ಸರಿಯೋ ಪ್ರೆಸ್ಕಿಲ್ ಸರಿಯೋ ಎಂಬುದು ನನಗೆ ನಿಜವಾಗಿಯೂ ಕುತೂಹಲದ ವಿಷಯ. ಆದರೆ ಯಾರು ಗೆದ್ದರೂ ನೆನಪಿಡುವ ಕೆಲಸದಲ್ಲಿ ನಮ್ಮ ಪಾಲು ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ.

ಊಹೆಯನ್ನೂ ನೆನಪನ್ನೂ ಹೇಗೆ ಜೊತೆಗಿಡಬೇಕು ಎಂಬುದಕ್ಕೆ ನಮ್ಮ ಊರುಗಳ ವೀರಗಲ್ಲುಗಳಿಗಿಂತ ಒಳ್ಳೆಯ ಮಾದರಿ ನನಗೆ ಹೊಳೆಯುವುದಿಲ್ಲ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಅಂತಸ್ತು. ಕೆಳಗೆ ಕಾಳಗ. ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ದೇವರ ಸನ್ನಿಧಿಯಲ್ಲಿ ಕೂತ ವೀರ. ಮೇಲಿನೆರಡು ಅಂತಸ್ತುಗಳನ್ನು ಕೆತ್ತಿದವನು ಅಲ್ಲಿಗೆ ಹೋಗಿಬಂದವನಲ್ಲ, ಅದು ಅವನ ಮತ್ತು ಅವನ ಕಾಲದ ಊಹೆ. ಅದನ್ನು ಅವನು ಚೆಲುವಾಗಿ, ಧಾರಾಳವಾಗಿ ಕೆತ್ತಿದ. ಆದರೆ ಅದನ್ನು ಕೆಳಗಿನದರ ಜೊತೆ ಬೆರೆಸಲಿಲ್ಲ, ನಡುವೆ ಒಂದು ಪಟ್ಟಿ ಬಿಟ್ಟ. ಅಕ್ಷರವಿದ್ದ ಕಡೆ ಆ ಪಟ್ಟಿಯ ಮೇಲೆ ಗೊತ್ತಿದ್ದದ್ದನ್ನು ಬರೆಸಿದರು. ಯಾವ ಊರು, ಯಾವ ಕಾಳಗ ಅಥವಾ ಯಾವ ತುರುಗೋಳು, ಸತ್ತವನ ಹೆಸರೇನು.

ಬೇಗೂರಿನಲ್ಲಿ ಸುಮಾರು 890ರ ಕಾಲದ ಅಂಥದೊಂದು ಕಲ್ಲಿನಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ಈ ಮಹಾನಗರದ ಹೆಸರು ಅಷ್ಟು ಹಳೆಯದು ಎಂದು ನಮಗೆ ತಿಳಿದದ್ದು ಆ ಕಾಳಗದ ಧೂಳನ್ನು ಯಾರೋ ಕಣಕಣವಾಗಿ ಹಿಂದಕ್ಕೆ ಲೆಕ್ಕ ಹಾಕಿದ್ದರಿಂದಲ್ಲ. ಸತ್ತವನ ಕಡೆಯವರು ಕಲ್ಲು ತರಿಸಿ, ಉಳಿ ಹಿಡಿದವನಿಗೆ ಕೂಲಿ ಕೊಟ್ಟು, ಹೆಸರನ್ನು ತಪ್ಪಿಲ್ಲದೆ ಬರೆಸಿದ್ದರಿಂದ.