ಇಂದಿನ ಧಮ್ಮ ಚಿಂತನೆ: ಈರುಳ್ಳಿ ತಿಂದರೆ ಶೀಲ ಕೆಡುತ್ತದೆಯೇ?

 



ದೀಕ್ಷೆ ತೆಗೆದುಕೊಂಡ ಮೇಲೆ ಈರುಳ್ಳಿ, ಬೆಳ್ಳುಳ್ಳಿ ಬಿಡಬೇಕೇ ಎಂದು ನಮ್ಮ ಅಧ್ಯಯನ ಬಳಗದಲ್ಲಿ ಹಲವರು ಕೇಳುತ್ತಾರೆ. ಇದು ಬರೀ ಅಡುಗೆಮನೆಯ ಪ್ರಶ್ನೆ ಎಂದು ನನಗನಿಸುವುದಿಲ್ಲ. ಬಾಡಿಗೆ ಮನೆ ಕೇಳಲು ಹೋದಾಗ “ಈರುಳ್ಳಿ ಬೆಳ್ಳುಳ್ಳಿ ತಿಂತೀರಾ?” ಎಂಬ ಮಾತನ್ನು ನಾನೂ ಕೇಳಿಸಿಕೊಂಡಿದ್ದೇನೆ. ಕೇಳಿದವರಿಗೆ ಬೇಕಾಗಿದ್ದುದು ನಮ್ಮ ಸಾರಿನ ರುಚಿಯಲ್ಲ, ನಮ್ಮ ಜಾತಿ.

ಈ ಪ್ರಶ್ನೆಯ ಬೇರು ಬಹಳ ಹಳೆಯದು. ಮನುಸ್ಮೃತಿಯ 5ನೇ ಅಧ್ಯಾಯ ಬೆಳ್ಳುಳ್ಳಿ, ಈರುಳ್ಳಿ, ಅಣಬೆಗಳನ್ನು ದ್ವಿಜರಿಗೆ ನಿಷೇಧಿಸುತ್ತದೆ. ತಿಳಿದೂ ತಿಂದವನು ಪತಿತನಾಗುತ್ತಾನೆ ಎನ್ನುತ್ತದೆ. 5ನೇ ಶತಮಾನದ ಆರಂಭದಲ್ಲಿ ಭಾರತಕ್ಕೆ ಬಂದ ಚೀನಾದ ಭಿಕ್ಷು ಫಾಹಿಯಾನ್, ಮಧ್ಯದೇಶದಲ್ಲಿ ಚಂಡಾಲರ ಹೊರತು ಯಾರೂ ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ ಎಂದು ಬರೆದ. ಆ ಚಂಡಾಲರು ಬೇರೆಯಾಗಿ ವಾಸಿಸುತ್ತಿದ್ದರು. ಪೇಟೆಗೆ ಬಂದರೆ ಮರದ ತುಂಡು ಬಡಿದು ಸದ್ದು ಮಾಡಬೇಕಿತ್ತು. 7ನೇ ಶತಮಾನದಲ್ಲಿ ಬಂದ ಹ್ಯೂಯೆನ್ ತ್ಸಾಂಗ್, ಈರುಳ್ಳಿ ತಿಂದವರನ್ನು ಊರಾಚೆಗೆ ಹಾಕುತ್ತಾರೆ ಎಂದ. ಅಸ್ಪೃಶ್ಯತೆ ಯಾವಾಗ ಹುಟ್ಟಿತು ಎಂದು ಹುಡುಕುತ್ತಾ ಬಾಬಾಸಾಹೇಬರು 1948ರ ‘ದಿ ಅನ್‌ಟಚಬಲ್ಸ್’ ಗ್ರಂಥದಲ್ಲಿ ಈ ಇಬ್ಬರು ಯಾತ್ರಿಕರ ಬರಹಗಳನ್ನೂ ಪರಿಶೀಲಿಸಿದ್ದಾರೆ.

ಈಗ ವಿನಯ ಪಿಟಕವನ್ನು ನೋಡೋಣ. ಅಲ್ಲಿಯೂ ಬೆಳ್ಳುಳ್ಳಿಯ ನಿಯಮವಿದೆ. ಆದರೆ ಅದು ಹುಟ್ಟಿದ ಕಾರಣವೇ ಬೇರೆ.

ಒಬ್ಬ ಉಪಾಸಕ ಭಿಕ್ಷುಣಿಯರಿಗೆ ತಲಾ ಎರಡು ಮೂರು ಬೆಳ್ಳುಳ್ಳಿ ಕೊಡುವಂತೆ ತನ್ನ ಹೊಲ ಕಾಯುವವನಿಗೆ ಹೇಳಿದ್ದ. ಥುಲ್ಲನಂದಾ ಎಂಬ ಭಿಕ್ಷುಣಿ ಮಿತಿಯಿಲ್ಲದೆ ಕೀಳಿಸಿಕೊಂಡು ಹೋದಳು. ಹೊಲ ಕಾಯುವವನು ನೊಂದುಕೊಂಡ. ಆಗ ಭಗವಾನರು ಭಿಕ್ಷುಣಿಯರಿಗೆ ಬೆಳ್ಳುಳ್ಳಿ ಬೇಡವೆಂದರು. ಅದೇ ನಿಯಮದ ವಿವರಣೆಯಲ್ಲಿ ಈರುಳ್ಳಿ ತಿಂದರೆ ದೋಷವಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಇನ್ನೊಮ್ಮೆ, ಬೆಳ್ಳುಳ್ಳಿ ತಿಂದ ಭಿಕ್ಷುವೊಬ್ಬ ಉಳಿದವರಿಗೆ ತೊಂದರೆಯಾಗದಿರಲೆಂದು ಧಮ್ಮೋಪದೇಶದ ವೇಳೆ ದೂರ ಕುಳಿತ. ಧಮ್ಮ ಕೇಳುವುದಕ್ಕೆ ಅಡ್ಡಿಯಾಗುವುದನ್ನು ತಿನ್ನುವುದೇಕೆ ಎಂದು ಭಗವಾನರು ಭಿಕ್ಷುಗಳಿಗೂ ಅದು ಬೇಡವೆಂದರು. ಆದರೆ ಸಾರಿಪುತ್ತರಿಗೆ ಹೊಟ್ಟೆಯಲ್ಲಿ ವಾಯುಬಾಧೆ ಬಂದಾಗ, ಕಾಯಿಲೆಗೆ ತಿನ್ನಬಹುದು ಎಂದು ಅನುಮತಿ ಕೊಟ್ಟರು.

ಗಮನಿಸಿ, ಬಂಧುಗಳೇ. ಮನು ಕೇಳುವುದು “ನೀನು ಯಾವ ಕುಲದವನು?” ಎಂದು. ಬುದ್ಧ ಕೇಳುವುದು “ನಿನ್ನಿಂದ ಪಕ್ಕದವರಿಗೆ ನೋವಾಯಿತೇ?” ಎಂದು. ದೂರ ಕುಳಿತ ಆ ಭಿಕ್ಷು ಪತಿತನಾಗಲಿಲ್ಲ. ಅವನನ್ನು ಯಾರೂ ಸಂಘದಿಂದ ಹೊರಗೆ ಹಾಕಲಿಲ್ಲ.

ಸುತ್ತನಿಪಾತದಲ್ಲಿ ಆಮಗಂಧ ಸುತ್ತವಿದೆ. ಆಮಗಂಧ ಎಂದರೆ ಹಸಿಮಾಂಸದ ದುರ್ವಾಸನೆ. ಮಾಂಸ ತಿನ್ನುವುದು ದುರ್ವಾಸನೆಯಲ್ಲ. ಕೊಲ್ಲುವುದು, ಕದಿಯುವುದು, ಸುಳ್ಳು, ವಂಚನೆ, ಸಿಟ್ಟು, ಸೊಕ್ಕು, ಹೊಟ್ಟೆಕಿಚ್ಚು, ಇವೇ ನಿಜವಾದ ದುರ್ವಾಸನೆ ಎನ್ನುವುದು ಆ ಸುತ್ತದ ಸಾರ. ಈರುಳ್ಳಿ ಹೆಚ್ಚಿದ ಕೈಯನ್ನು ನೀರಿನಲ್ಲಿ ತೊಳೆಯಬಹುದು. ಇನ್ನೊಬ್ಬರನ್ನು ಕೀಳೆಂದು ಕಂಡ ಮನಸ್ಸನ್ನು ತೊಳೆಯಲು ಧಮ್ಮವೇ ಬೇಕು.

ಚೀನಾ, ವಿಯೆಟ್ನಾಂ ಪರಂಪರೆಯ ಭಿಕ್ಷುಗಳು ಈರುಳ್ಳಿ, ಬೆಳ್ಳುಳ್ಳಿ ಬಿಡುತ್ತಾರೆ. ಅವರ ವ್ರತವನ್ನು ಗೌರವಿಸೋಣ. ನಮ್ಮಲ್ಲಿಯೂ ಯಾರಾದರೂ ಮನಸ್ಸಾರೆ ಬಿಟ್ಟರೆ ಸಂತೋಷ. ಆದರೆ ವ್ರತವು ಇನ್ನೊಬ್ಬರನ್ನು ಅಳೆಯುವ ಕೋಲಾಗಬಾರದು. 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಬಿಡಬೇಕೆಂದಿದೆ. ಈರುಳ್ಳಿಯ ಮಾತೇ ಇಲ್ಲ.

ಹೊಲದ ಬದುವಿನಲ್ಲಿ ಕೂತು, ಗುದ್ದಿ ಒಡೆದ ಉಳ್ಳಾಗಡ್ಡಿ, ಖಾರದ ಜೊತೆ ರೊಟ್ಟಿ ತಿಂದು ದುಡಿದವರ ಮಕ್ಕಳು ನಾವು. ನೆಂಟರು ಏನೆಂದುಕೊಳ್ಳುತ್ತಾರೋ ಎಂದು ಈರುಳ್ಳಿ ಬುಟ್ಟಿಯನ್ನು ಒಳಗೆ ಬಚ್ಚಿಡುವ ಮನೆಗಳು ಇನ್ನೂ ನಮ್ಮಲ್ಲಿವೆ. ಬುಟ್ಟಿ ಇದ್ದಲ್ಲೇ ಇರಲಿ. ಟಿಫಿನ್ ಡಬ್ಬಿ ತೆರೆಯಲು ನಾಚುವ ಮಗುವಿಗೆ, ಇದು ನಿನ್ನ ಅಜ್ಜಿಯ ಊಟ, ಇದರಲ್ಲಿ ಕೀಳೇನೂ ಇಲ್ಲ ಎಂದು ಹೇಳೋಣ.

ಇಂದಿನ ಅಭ್ಯಾಸ: ಊಟಕ್ಕೆ ಕೂತಾಗ ಒಂದು ಕ್ಷಣ ನಿಲ್ಲಿ. ಇದನ್ನು ಬೆಳೆದವರನ್ನು, ಬೇಯಿಸಿದವರನ್ನು ನೆನೆಯಿರಿ. ಇಂದು ನನ್ನ ಮಾತಿನಿಂದ ಯಾರಿಗಾದರೂ ನೋವಾಯಿತೇ ಎಂದು ಕೇಳಿಕೊಳ್ಳಿ. ಆಮೇಲೆ ನೆಮ್ಮದಿಯಾಗಿ ಉಣ್ಣಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.