ಇಂದಿನ ಧಮ್ಮ ಚಿಂತನೆ: ಬದಲಾದ ಬೀದಿ





ಕಳೆದ ವಾರ ನಮ್ಮ ಗುಂಪಿಗೆ ಹಳೆಯ ಬೆಂಗಳೂರಿನ ಫೋಟೋಗಳು ಸಾಲಾಗಿ ಬಂದವು. ಎಂ.ಜಿ. ರಸ್ತೆಯ ಮರಗಳು, ಪ್ಲಾಜಾ ಟಾಕೀಸು, ಪೇಟ ಸುತ್ತಿದ ಮಾಣಿಗಳಿದ್ದ ಇಂಡಿಯಾ ಕಾಫಿ ಹೌಸು. ಕೆಳಗೆ ‘ಆ ಕಾಲ ಮತ್ತೆ ಬರುವುದಿಲ್ಲ’ ಎಂದು ಬರೆದು ಅಳುವ ಮುಖದ ಚಿತ್ರ. ಕಳಿಸಿದವರಲ್ಲಿ ನಮ್ಮವರೂ ಇದ್ದರು. ಇವತ್ತಿನ ಚಿಂತನೆಗೆ ಅದನ್ನೇ ತೆಗೆದುಕೊಳ್ಳೋಣ.

ಬೀದಿ ಬದಲಾಗಿರುವುದು ನಿಜ. ಎಂ.ಜಿ. ರಸ್ತೆಯ ಕಾಫಿ ಹೌಸು 2009ರಲ್ಲಿ ಬಾಗಿಲು ಹಾಕಿತು. ಅದೇ ವರ್ಷ ಪ್ರೀಮಿಯರ್ ಪುಸ್ತಕದಂಗಡಿಯೂ ಹೋಯಿತು. 2011ರ ಅಕ್ಟೋಬರಿನಲ್ಲಿ ಮೆಟ್ರೋ ಓಡತೊಡಗಿತು. ಅದಕ್ಕೂ ಮೊದಲೇ ರಸ್ತೆ ಬದಿಯ ಮರಗಳು ಉರುಳಿದ್ದವು. 2018ರಲ್ಲಿ ಚರ್ಚ್ ಸ್ಟ್ರೀಟಿಗೆ ಕಲ್ಲು ಹಾಸಿದರು, ಆ ವರ್ಷದ ಕೊನೆಗೆ ಬ್ರಿಗೇಡ್ ರಸ್ತೆಯ ರೆಕ್ಸ್ ಟಾಕೀಸಿನಲ್ಲಿ ಪರದೆ ಇಳಿಯಿತು. ಮೆಜೆಸ್ಟಿಕ್ ಕಡೆ ಕಪಾಲಿ ಇಲ್ಲ. ಅಷ್ಟೇಕೆ, ಆ ಪ್ರದೇಶಕ್ಕೆ ಹೆಸರು ಕೊಟ್ಟ ಮೆಜೆಸ್ಟಿಕ್ ಟಾಕೀಸೇ ಇಲ್ಲ. ಹೆಸರು ಮಾತ್ರ ಬಸ್ಸಿನ ಬೋರ್ಡಿನ ಮೇಲೆ ಊರೆಲ್ಲ ಸುತ್ತುತ್ತಿದೆ. ಎಂ.ಜಿ. ರಸ್ತೆ ಕೂಡ 1948ರವರೆಗೆ ಸೌತ್ ಪೆರೇಡ್ ಆಗಿತ್ತು. ಅನತ್ತ ಎಂದರೇನು ಎಂದು ಹೊಸಬರು ಕೇಳಿದರೆ ನಾನು ಈಗ ಮೆಜೆಸ್ಟಿಕ್ಕಿನ ಉದಾಹರಣೆ ಕೊಡುತ್ತೇನೆ. ಹೆಸರಿದೆ, ಓಡಾಟವಿದೆ, ಒಳಗೆ ಹುಡುಕಿದರೆ ‘ಇದೇ ಅದು’ ಎಂದು ತೋರಿಸಬಹುದಾದ ಗಟ್ಟಿ ವಸ್ತು ಸಿಗುವುದಿಲ್ಲ.

ಕೂಡಿಕೊಂಡದ್ದೆಲ್ಲ ಬಿಡಿಯಾಗುತ್ತದೆ ಎಂಬುದು ಭಗವಾನರ ಬೋಧನೆ. ಇದನ್ನು ಕೇಳಿದ ಕೂಡಲೇ ನಮ್ಮಲ್ಲಿ ಅನೇಕರು ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ, ಸಾವಿನ ಮನೆಯ ಮಾತೆಂಬಂತೆ. ಬಾಬಾಸಾಹೇಬರು ಹಾಗೆ ಓದಲಿಲ್ಲ. ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಅವರು ಅನಿತ್ಯವನ್ನು ಬೆಳವಣಿಗೆಯ ಆಧಾರವಾಗಿ ನೋಡುತ್ತಾರೆ. ಇರುವುದು ಇದ್ದಂತೆಯೇ ನಿಂತುಬಿಟ್ಟರೆ ಏನೂ ಮುಂದೆ ಹೋಗಲಾರದು. ಸನಾತನ ಎಂಬ ಮಾತು ಯಾರಿಗೆ ಇಷ್ಟ ಎಂದು ಒಂದು ಕ್ಷಣ ಯೋಚಿಸಿ. ಕೂರಲು ಜಾಗ ಸಿಕ್ಕವರಿಗೆ. ಹೊರಗೆ ನಿಂತವರಿಗೆ ಅನಿತ್ಯವೇ ಸಿಹಿ ಸುದ್ದಿ.

ಇದು ಬರಿಯ ಮಾತಲ್ಲ. ನಮ್ಮ ಬಳಗದ ಹಿರಿಯರೊಬ್ಬರು ಎಪ್ಪತ್ತರ ದಶಕದಲ್ಲಿ ತುಮಕೂರು ಕಡೆಯ ಹಳ್ಳಿಯಿಂದ ಕೆಲಸ ಹುಡುಕಿಕೊಂಡು ಬಂದವರು. ಊರ ಹೋಟೆಲಿನ ಕತೆ ಅವರೇ ಹೇಳಿದ್ದು: “ನಮ್ಮ ಲೋಟ ಹೊರಗಡೆ ಸೂರಿನ ಗಳಕ್ಕೆ ಸಿಕ್ಕಿಸಿಟ್ಟಿರೋರು ಮೇಷ್ಟ್ರೇ. ನಾವೇ ತಗೊಂಡು ಹಿಡಿಬೇಕು, ಅವರು ಮೇಲಿಂದ ಹುಯ್ಯೋರು. ಕುಡಿದು ನಾವೇ ತೊಳೆದು ಮತ್ತೆ ಅಲ್ಲೇ ಸಿಕ್ಕಿಸಬೇಕು.” ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು, ಹೆದರುತ್ತಲೇ ಒಂದು ಹೋಟೆಲಿನೊಳಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತರಂತೆ. ಯಾವ ಊರು, ಯಾವ ಜನ ಎಂದು ಯಾರೂ ಕೇಳಲಿಲ್ಲ. ಟೀ ಕುಡಿದ ಮೇಲೆ ಅಭ್ಯಾಸಬಲದಿಂದ ಲೋಟ ತೊಳೆಯಲು ಎದ್ದರು. ಅಷ್ಟರಲ್ಲಿ ಒಬ್ಬ ಹುಡುಗ ಬಂದು ಅದನ್ನು ಎತ್ತಿಕೊಂಡು ಹೋದ, ಬೇರೆ ಲೋಟಗಳ ಜೊತೆಗೇ. “ಅದು ಯಾವ ಲೋಟ ಅಂತ ಆಮೇಲೆ ನಂಗೇ ಗುರ್ತು ಸಿಗ್ಲಿಲ್ಲ” ಎಂದು ಅವರು ನಗುತ್ತಾರೆ.

ಆ ಹೋಟೆಲು ಈಗಿಲ್ಲ, ಅಲ್ಲಿ ಮೊಬೈಲ್ ಅಂಗಡಿಗಳು. ಬೇಜಾರಾಗಲಿಲ್ಲವೇ ಎಂದು ಕೇಳಿದೆ. “ಹೋಟ್ಲು ಹೋದ್ರೆ ಹೋಗ್ಲಿ ಬಿಡಿ. ಆ ಲೋಟ ಎತ್ತಿದ ಹುಡುಗ ಯಾರ ಮಗನೋ, ನಾನೂ ಕೇಳಲಿಲ್ಲವಲ್ಲ” ಎಂದರು.

ಹುಡುಗನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಆ ಬೆಂಚು. ಸಂವಿಧಾನದ 15ನೇ ವಿಧಿಯ ಎರಡನೇ ಖಂಡವನ್ನು ಒಮ್ಮೆ ತೆಗೆದು ನೋಡಿ. ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಸ್ಥಳ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಪಟ್ಟಿಯೇ ಇದೆ. ಮೂಲಭೂತ ಹಕ್ಕುಗಳ ನಡುವೆ ಹೋಟೆಲು ಯಾಕೆ ಬಂತು ಎಂದು ಮೇಲ್ಜಾತಿಯ ಮಗುವಿಗೆ ಅನ್ನಿಸಬಹುದು. ನಮ್ಮ ಮಕ್ಕಳಿಗೆ ವಿವರಿಸಬೇಕಿಲ್ಲ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ‘ಅಂಗಡಿ’ ಎಂಬ ಪದದ ಅರ್ಥದ ಪ್ರಶ್ನೆ ಬಂದಾಗ ಬಾಬಾಸಾಹೇಬರು ಅದನ್ನು ಬಹಳ ಅಗಲ ಮಾಡಿ ಹೇಳಿದರು. ಬಂದವರಿಗೆ ಸೇವೆ ಕೊಡಲು ಯಾರು ಕೂತಿದ್ದಾರೋ ಅವರದೆಲ್ಲ ಅಂಗಡಿಯೇ. ಒಳಗೆ ಬಿಟ್ಟರೆ ಸಾಲದು, ಸೇವೆಯನ್ನೂ ಕೊಡಬೇಕು. ಹಾಗಾದರೆ ಕ್ಷೌರದಂಗಡಿಯೂ ಅಂಗಡಿ, ಲಾಂಡ್ರಿಯೂ ಅಂಗಡಿ. ಬಾಲ್ಯದಲ್ಲಿ ಕ್ಷೌರಿಕರು ಮುಟ್ಟದೆ, ಅಕ್ಕನ ಕೈಯಲ್ಲಿ ಕೂದಲು ಕತ್ತರಿಸಿಕೊಂಡವರು ಅವರು. ಒಂದು ಪದ ಎಷ್ಟು ಅಗಲವಿರಬೇಕು ಎಂಬುದು ಅವರಿಗೆ ನಿಘಂಟಿನಿಂದ ತಿಳಿದದ್ದಲ್ಲ.

ಆದ್ದರಿಂದ ಹಳೆಯ ಬೀದಿಯ ಫೋಟೋ ನೋಡಿ ಮರುಗುವ ಮೊದಲು, ಆ ಫೋಟೋದಲ್ಲಿ ನಮ್ಮಜ್ಜ ಎಲ್ಲಿದ್ದ ಎಂದು ಕೇಳಿಕೊಳ್ಳೋಣ. ದಂಡಿನ ಬಂಗಲೆಗಳಲ್ಲಿ ಕುದುರೆ ತಿಕ್ಕಿದವರು, ಕಕ್ಕಸು ಬಳಿದವರು, ರಸ್ತೆಗೆ ಜಲ್ಲಿ ಹೊತ್ತವರು ಚಿತ್ರದ ಚೌಕಟ್ಟಿನ ಹೊರಗಿದ್ದಾರೆ. ಇನ್ನೊಬ್ಬರ ನೆನಪನ್ನು ನಮ್ಮದೆಂದು ಹೊತ್ತು ಅಳುವುದೂ ಒಂದು ತಣ್ಹಾ.

ಹಾಗೆಂದು ಹಳೆಯದರಲ್ಲಿ ನೆನೆಯುವಂಥದ್ದು ಇಲ್ಲವೆಂದಲ್ಲ. ಆ ಕಾಫಿ ಹೌಸಿನ ಪೇಟದ ಮಾಣಿಗಳನ್ನೇ ತೆಗೆದುಕೊಳ್ಳಿ. ಐವತ್ತರ ದಶಕದಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕಾರ್ಮಿಕರು ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ 1957ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಕಾಫಿ ತಂದಿಟ್ಟವರೇ ಅದರ ಒಡೆಯರು! ಫೋಟೋದ ಕೆಳಗೆ ಇದನ್ನು ಯಾರೂ ಬರೆದಿರಲಿಲ್ಲ. ಕಟ್ಟಡ ಬಿಟ್ಟು ಅದು ಚರ್ಚ್ ಸ್ಟ್ರೀಟಿಗೆ ಬಂತು, ಅಳುವ ಮುಖ ಹಾಕುವ ಮುನ್ನ ಹೋಗಿ ಒಂದು ಕಾಫಿ ಕುಡಿಯಬಹುದಿತ್ತು. ಎಂಬತ್ತರ ದಶಕದಿಂದ ಹಬ್ಬಿದ ದರ್ಶಿನಿಗಳ ಬಗ್ಗೆಯೂ ನನಗೆ ಪ್ರೀತಿಯಿದೆ. ಟೋಕನ್ ತಗೋ, ಸಾಲಿನಲ್ಲಿ ನಿಲ್ಲು, ನಿಂತೇ ತಿನ್ನು. ಶಾಸ್ತ್ರಿಗಳಿಗೂ ನಿಂತೇ ಇಡ್ಲಿ, ನಮಗೂ ನಿಂತೇ ಇಡ್ಲಿ.

ಹೊಸ ಬೀದಿಯೇನೂ ಸಮತೆಯ ಬೀದಿಯಲ್ಲ. ಮೊದಲು ಬೋರ್ಡು ಮಾಡುತ್ತಿದ್ದ ಕೆಲಸವನ್ನು ಈಗ ಕಾಫಿಯ ಬೆಲೆ ಮಾಡುತ್ತದೆ. 200 ರೂಪಾಯಿ ದಾಟಿದ ಕಾಫಿಯ ಗಾಜಿನ ಬಾಗಿಲಲ್ಲಿ ಜಾತಿ ಬರೆದಿಲ್ಲ, ಆದರೂ ಒಳಗೆ ಕೂತವರು ಯಾರು, ಬೆಳಕು ಹರಿಯುವ ಮುಂಚೆ ಹೊರಗೆ ಕಲ್ಲುಹಾಸು ಗುಡಿಸುವವರು ಯಾರು ನೋಡಿ. ಪೊರಕೆ ಹಿಡಿದ ಪೌರಕಾರ್ಮಿಕರಲ್ಲಿ ಹೆಚ್ಚಿನವರು ನಮ್ಮ ಅಕ್ಕ-ತಂಗಿಯರು. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆಯಂಗಡಿಗೆ ಹೋದರೆ, ಸೀರೆ ಬಿಚ್ಚಿ ತೋರಿಸುವ ಹುಡುಗಿಗೆ ಕೂರಲು ಸ್ಟೂಲಿದೆಯೇ ಎಂದು ಗಮನಿಸಿ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕೂರುವ ಹಕ್ಕನ್ನು ಕಾನೂನು ಮಾಡಿ ಕೊಡಬೇಕಾಯಿತು. ಕೂರುವುದಕ್ಕೂ ಕಾನೂನು!

ಲೋಟ ಎತ್ತಿದ ಹುಡುಗನ ಬಗ್ಗೆ ಭಗವಾನರು ಮಾತಾಡಿದ್ದಾರೆ. ಸಿಗಾಲೋವಾದ ಸುತ್ತದಲ್ಲಿ ಯಜಮಾನನ ಕರ್ತವ್ಯ ಐದು: ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ವಿಶೇಷ ತಿಂಡಿಯಲ್ಲಿ ಪಾಲು, ಸಮಯಕ್ಕೆ ಬಿಡುವು. ನಾಲ್ಕನೆಯದು ನನಗೆ ಬಹಳ ಇಷ್ಟ. ಕೇಕು ಬಡಿಸುವವನಿಗೂ ಕೇಕಿನ ರುಚಿ ಗೊತ್ತಿರಬೇಕು. ಬಾಬಾಸಾಹೇಬರು ಗೃಹಸ್ಥರ ವಿನಯದಲ್ಲಿ ಇದನ್ನು ಬಿಡದೆ ಸೇರಿಸಿಕೊಂಡಿದ್ದಾರೆ. ನಮ್ಮವರಲ್ಲೂ ಈಗ ಅಂಗಡಿ ಇಟ್ಟವರಿದ್ದಾರೆ, ಮನೆಗೆಲಸಕ್ಕೆ ಜನ ಇಟ್ಟುಕೊಂಡವರಿದ್ದಾರೆ. ಅವರ ಮನೆಗಳಲ್ಲಿ ಕೆಲಸದಾಕೆಯ ಲೋಟ ಎಲ್ಲಿರುತ್ತದೆ? ಸಿಂಕಿನ ಕೆಳಗೋ, ಎಲ್ಲರ ಲೋಟಗಳ ಜೊತೆಗೋ? ಇವತ್ತು ಸಂಜೆಯೊಳಗೆ ಒಮ್ಮೆ ಅಡುಗೆಮನೆಗೆ ಹೋಗಿ ನೋಡಿ.

ಮುಂದಿನ ಓದು ಇದೇ ಭಾಗದ್ದು, ಯಜಮಾನ ಮತ್ತು ಸೇವಕರ ವಿನಯ. ಬಟ್ಟೆಯಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಇಬ್ಬರು ತಂಗಿಯರಿಗೆ ಭಾನುವಾರ ರಜೆ ಸಿಗುವುದಿಲ್ಲ. ಅದಕ್ಕಾಗಿ ಈ ಬಾರಿ ಭಾನುವಾರ ಬೆಳಿಗ್ಗೆಯ ಬದಲು ಮಂಗಳವಾರ ರಾತ್ರಿ 9ಕ್ಕೆ ಸೇರುತ್ತಿದ್ದೇವೆ. ಅವರು ದಿನವಿಡೀ ನಿಂತೇ ಬಂದಿರುತ್ತಾರೆ, ಗೋಡೆಗೆ ಒರಗುವ ಜಾಗವನ್ನು ಅವರಿಗೆ ಬಿಡಿ.

ಜೈ ಭೀಮ್.