ತಿಳಿಯದ ಸಾಲನ್ನು ಅಳಿಸಬಹುದೇ?

ಗಣಕಯಂತ್ರಕ್ಕೆ ಕೊಡುವ ಆಜ್ಞೆಗಳ ಮೂಲರೂಪವಾದ ಸೋರ್ಸ್ ಕೋಡನ್ನು ಯಂತ್ರವೊಂದೇ ಓದುವುದೆಂದು ಜನರು ಭಾವಿಸುವುದುಂಟು. ವಸ್ತುತಃ ಅದನ್ನು ಕಷ್ಟಪಟ್ಟು ಓದುವವನು ಮನುಷ್ಯನೇ. ಒಬ್ಬನು ಬರೆದುಹೋದುದನ್ನು ಮತ್ತೊಬ್ಬನು ವರುಷಗಳ ತರುವಾಯ ತಿದ್ದಬೇಕಾಗುತ್ತದೆ. ಆಗ ತನಗೆ ಅರ್ಥವಾಗದ ಸಾಲನ್ನು ಅವನು ತೆಗೆದುಹಾಕಬಹುದೇ? ಇದು ಬರಿಯ ಕೌಶಲದ ಪ್ರಶ್ನೆಯಲ್ಲ. ಧರ್ಮದ ಪ್ರಶ್ನೆಯೂ ಅಹುದು.

ಪ್ರೋಗ್ರಾಮರನು ಕೋಡನ್ನು ಕಾದಂಬರಿಯಂತೆ ಮೊದಲಿಂದ ಕೊನೆಯವರೆಗೆ ಓದುವುದಿಲ್ಲ. ಕೆಲಸವು ಪ್ರಾರಂಭವಾಗುವ ಎಡೆಯಿಂದ ಹೊರಟು, ಇಟ್ಟ ಹೆಸರುಗಳಿಂದ ಉದ್ದೇಶವನ್ನು ಊಹಿಸಿ, ಒಂದು ಉದಾಹರಣೆಯನ್ನು ಮನಸ್ಸಿನಲ್ಲಿಯೇ ನಡೆಯಿಸಿ ನೋಡುತ್ತಾನೆ. ಊಹೆ ತಪ್ಪಿದರೆ ಹಿಂದಿರುಗುತ್ತಾನೆ. ಏನು ಮಾಡುತ್ತದೆ ಎಂಬುದು ಹೀಗೆ ದೊರೆಯುತ್ತದೆ. ಏಕೆ ಮಾಡುತ್ತದೆ ಎಂಬುದು ಸಾಲುಗಳಲ್ಲಿ ಕಾಣುವುದು ಅಪರೂಪ. ಪ್ರೋಗ್ರಾಮಿನ ಜೀವವು ಬರೆಹಕ್ಕಿಂತ ಅದನ್ನು ಕಟ್ಟಿದವರ ತಿಳಿವಿನಲ್ಲಿದೆಯೆಂದು ಡೆನ್ಮಾರ್ಕಿನ ಪೀಟರ್ ನೌರ್ 1985ರಲ್ಲಿ ಪ್ರತಿಪಾದಿಸಿದರು.

ನಮ್ಮ ನುಡಿಯಿಂದಲೇ ಒಂದು ದೃಷ್ಟಾಂತವನ್ನು ಕೊಡಬಹುದು. ಯೂನಿಕೋಡಿನಲ್ಲಿ ರಕಾರ, ಹಲಂತಚಿಹ್ನೆ, ಯಕಾರಗಳನ್ನು ಕ್ರಮವಾಗಿಟ್ಟರೆ 'ಸೂರ್ಯ' ಎಂಬಲ್ಲಿಯಂತೆ ಅರ್ಕಾವತ್ತು ಮೂಡುತ್ತದೆ. 'ರ‍್ಯಾಂಕ್' ಎಂಬಲ್ಲಿ ರಕಾರವು ಪೂರ್ಣವಾಗಿ ನಿಂತು ಯಕಾರವು ಒತ್ತಾಗಬೇಕಾದರೆ, ರಕಾರದ ಬಳಿಕ ಕಣ್ಣಿಗೆ ಕಾಣದ ಕೂಡುಚಿಹ್ನೆಯೊಂದನ್ನು ಇಡಬೇಕು. ಈ ಚಿಹ್ನೆಯನ್ನು ಕಾಯುವ ಸಾಲನ್ನು ವ್ಯರ್ಥವೆಂದು ಯಾರಾದರೂ ಅಳಿಸಿದರೆ ಪ್ರೋಗ್ರಾಮು ನಿಲ್ಲದು, ದೋಷವೂ ಹೊರಬೀಳದು. ಅಕ್ಷರದ ರೂಪವು ಕೆಡುವುದು. ಹುಡುಕಿದ ಹೆಸರು ದೊರೆಯದೆಯೂ ಹೋಗಬಹುದು.

ನಮ್ಮ ರಾಜ್ಯದ ಪಹಣಿಗಳು 2000ರ ಸುಮಾರಿಗೆ 'ಭೂಮಿ' ಯೋಜನೆಯಿಂದ ಗಣಕಕ್ಕೆ ಸೇರಿದುವು. ಗದಗ ಜಿಲ್ಲೆಯ ಲಕ್ಕಲಕಟ್ಟಿಯ ರೈತನು ಪಹಣಿಯಲ್ಲಿ ತನ್ನ ಹೆಸರನ್ನು ಓದಿಕೊಳ್ಳಬಲ್ಲನು. ಅದನ್ನು ಮುದ್ರಿಸುವ ಕೋಡನ್ನು ಓದಲಾರನು. ಇಂಥವರೆಲ್ಲರ ಪರವಾಗಿ ಓದುವ ಭಾರವು ತಿದ್ದುವವನ ಮೇಲೆಯೇ ಬೀಳುತ್ತದೆ.

ಹಾಗಾದರೆ ಜೀರ್ಣವಾದುದನ್ನು ಮುಟ್ಟಲೇಬಾರದೇ ಎಂದು ಕೇಳಬಹುದು. ಮುಟ್ಟಬಹುದು, ಆದರೆ ಅದು ಏಕೆ ಇತ್ತೆಂದು ಅರಿತ ಮೇಲೆ. ಅರಿಯುವ ದಾರಿಯನ್ನು ಉಳಿಸಿಹೋಗುವುದು ಬರೆದವನ ಋಣ. ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣದ ಸೂತ್ರಗಳನ್ನು ಕಂದಪದ್ಯಗಳಲ್ಲಿ ರಚಿಸಿ, ವೃತ್ತಿಯನ್ನೂ ತಾನೇ ಬರೆದನು. ಪ್ರೋಗ್ರಾಮನ್ನೂ ಮನುಷ್ಯರಿಗೆ ತಿಳಿಯುವಂತೆ ವಿವರಣೆಯೊಡನೆ ರಚಿಸಬೇಕೆಂದು ಅಮೇರಿಕದ ಡೊನಾಲ್ಡ್ ಕನೂತ್ 1984ರಲ್ಲಿ ಬೋಧಿಸಿದರು. ಎರಡರಲ್ಲಿಯೂ ಇರುವುದು ಮುಂದೆ ಬರುವ ಓದುಗನ ಮೇಲಣ ಒಂದೇ ಬಗೆಯ ಕಕ್ಕುಲತೆ. ಬರೆದವನು ಕಾರಣವನ್ನು ಹೇಳಿಹೋಗಲಿ. ಓದುವವನು ಅದನ್ನು ಅರಸದೆ ಅಳಿಸಲು ಕೈಯಿಡದಿರಲಿ.